ಕೆಳಗೆ ಬಿಡಿ, ಓಡಲಿ: ಸಣ್ಣ ನಾಯಿಗಳ ಆಟದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಸಣ್ಣ ನಾಯಿಗಳದ್ದೇ. ಅದಕ್ಕೇ ಅಂಕಣವನ್ನು ಪೂರ್ತಿ ಅವಕ್ಕೇ ಬಿಟ್ಟಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದೇ ಉತ್ತರ ಬರೆದಿದ್ದೇನೆ. ತಮ್ಮ ಕಾಗದ ಕಾಣದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೂರು ವರ್ಷದ ಬಿಳಿ ಪೊಮೇರಿಯನ್ ಇದೆ. ಹೆಸರು ಬೆಳ್ಳಿ. ಮೊಬೈಲಿನಲ್ಲಿ ಅಜಿಲಿಟಿ (ಅಡೆತಡೆ ದಾಟಿ ಓಡುವ ಆಟ) ಸ್ಪರ್ಧೆ ನೋಡಿದಾಗಿನಿಂದ ಅವಳಿಗೂ ಕಲಿಸಬೇಕು ಅನ್ನಿಸಿದೆ. ಆದರೆ ಅದರಲ್ಲಿ ಓಡೋದೆಲ್ಲ ಬಾರ್ಡರ್ ಕೋಲಿಗಳೇ. ಮನೆಯವರು "ಈ ಹತ್ತಿ ಉಂಡೆ ಹಾರುತ್ತಾ?" ಅಂತ ನಗುತ್ತಾರೆ. ಸಾಧ್ಯವಾ?
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಸಾಧ್ಯ. ಮನೆಯವರಿಗೆ ಮೊದಲು ಈ ಸುದ್ದಿ ಹೇಳಿ. ಅಮೆರಿಕದ ವೆಸ್ಟ್‌ಮಿನ್‌ಸ್ಟರ್ ನಾಯಿ ಪ್ರದರ್ಶನದ ಜೊತೆ 2014ರಿಂದ ಅಜಿಲಿಟಿ ಸ್ಪರ್ಧೆಯೂ ನಡೆಯುತ್ತಿದೆ. 2024ರಲ್ಲಿ ಅದನ್ನು ಗೆದ್ದದ್ದು ನಿಂಬಲ್ ಅನ್ನುವ ಪುಟ್ಟ ನಾಯಿ. ಬಾರ್ಡರ್ ಕೋಲಿ ಮತ್ತು ಪಾಪಿಯಾನ್ ಬೆರೆತ ಮಿಶ್ರ ತಳಿ. 12 ಇಂಚು ಎತ್ತರದ ಅಡ್ಡಗೋಲು ಹಾರುವ ವಿಭಾಗದ ನಾಯಿಯೊಂದು ಎಲ್ಲರನ್ನೂ ಹಿಂದೆ ಹಾಕಿ ಗೆದ್ದದ್ದು ಅದೇ ಮೊದಲು. ಮಿಶ್ರ ತಳಿ ಗೆದ್ದದ್ದೂ ಅದೇ ಮೊದಲು.

ಈ ಆಟ ಶುರುವಾದದ್ದು ಲಂಡನ್ನಿನಲ್ಲಿ. 1978ರ ಕ್ರಫ್ಟ್ಸ್ ನಾಯಿ ಪ್ರದರ್ಶನದ ಬಿಡುವಿನಲ್ಲಿ ಜನರಿಗೆ ಮನರಂಜನೆ ಬೇಕಿತ್ತು. ಕುದುರೆಗಳು ಅಡ್ಡಗೋಲು ಹಾರುವ ಹಾಗೆ ನಾಯಿಗಳನ್ನೂ ಹಾರಿಸಿ ನೋಡೋಣ ಅಂತ ಹೊರಟರು. ಜನ ಹುಚ್ಚೆದ್ದು ಮೆಚ್ಚಿದರು. ಈಗ ಎಲ್ಲ ಕಡೆ ಎತ್ತರದ ಪ್ರಕಾರ ವಿಭಾಗಗಳಿವೆ. ಬೆಲ್ಜಿಯಂನಲ್ಲಿ ಕಚೇರಿ ಇರುವ, ನಾಯಿಗಳ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಸಿಐ ಪ್ರಕಾರ, ಭುಜದ ಹತ್ತಿರ 35 ಸೆಂಟಿಮೀಟರಿಗಿಂತ ಕಡಿಮೆ ಇರುವ ನಾಯಿ 'ಸ್ಮಾಲ್'. ಅದು ಹಾರಬೇಕಾದ ಅಡ್ಡಗೋಲು 25ರಿಂದ 30 ಸೆಂಟಿಮೀಟರ್, ಅಷ್ಟೇ. ದೊಡ್ಡ ನಾಯಿಗಳಿಗೆ 55ರಿಂದ 60. ಅಂದರೆ ಬೆಳ್ಳಿಗೆ ಎದುರಾಳಿ ಬಾರ್ಡರ್ ಕೋಲಿ ಅಲ್ಲವೇ ಅಲ್ಲ.

ಅಳೆಯುವುದು ಹೀಗೆ. ಗೋಡೆ ಪಕ್ಕ ನೇರವಾಗಿ ನಿಲ್ಲಿಸಿ. ಕತ್ತಿನ ಬುಡದಲ್ಲಿ ಭುಜದ ಮೂಳೆಗಳು ಕೂಡುವ ಜಾಗವನ್ನು ಬೆರಳಲ್ಲಿ ಹುಡುಕಿ, ಕೂದಲು ಒತ್ತಿ, ಅದರ ಮೇಲೆ ಸ್ಕೇಲು ಅಡ್ಡ ಇಟ್ಟು ಗೋಡೆಗೆ ಪೆನ್ಸಿಲ್ ಗೆರೆ ಎಳೆಯಿರಿ. ನೆಲದಿಂದ ಆ ಗೆರೆವರೆಗೆ ಟೇಪು ಹಿಡಿಯಿರಿ. ತಲೆ ಎತ್ತರ ಲೆಕ್ಕಕ್ಕಿಲ್ಲ. ಒಂದು ಮಾತು: ನಮ್ಮ ಊರುಗಳಲ್ಲಿ ಪೊಮೇರಿಯನ್ ಅಂತ ಕರೆಯುವ ಬಿಳಿ ನಾಯಿಗಳಲ್ಲಿ ಬಹಳಷ್ಟು ನಿಜವಾಗಿ ಇಂಡಿಯನ್ ಸ್ಪಿಟ್ಜ್. ಚುರುಕು, ಗಟ್ಟಿ, ನಮ್ಮ ಹವೆಗೆ ಒಗ್ಗಿದ ನಾಯಿ. ನನಗೆ ಕಲಿಸೋಕೆ ತುಂಬಾ ಇಷ್ಟವಾದ ತಳಿ ಅದು.

ಇನ್ನು ಶುರು ಮಾಡುವ ರೀತಿ. ಮೊದಲು ವೆಟ್ ಹತ್ತಿರ ಮಂಡಿ ತೋರಿಸಿ. ಸಣ್ಣ ತಳಿಗಳಲ್ಲಿ ಹಿಂಗಾಲಿನ ಮಂಡಿಚಿಪ್ಪು ಜಾರುವ ತೊಂದರೆ ಸಾಮಾನ್ಯ. ಓಡುತ್ತಾ ಓಡುತ್ತಾ ಒಂದು ಹಿಂಗಾಲು ಎತ್ತಿ ಎರಡು ಹೆಜ್ಜೆ ಕುಂಟಿ, ಮತ್ತೆ ಏನೂ ಆಗದ ಹಾಗೆ ಓಡಿದರೆ ಅದೇ ಇರಬಹುದು. ಪಕ್ಕೆಲುಬು ಮುಟ್ಟಿ ನೋಡಿ. ತುಪ್ಪಳದ ಕೆಳಗೆ ಎಲುಬು ಬೆರಳಿಗೆ ಸಲೀಸಾಗಿ ಸಿಗಬೇಕು. ಸಿಗದಿದ್ದರೆ ಮೊದಲು ತೂಕ, ಆಮೇಲೆ ಆಟ.

ಹಾರ್ಡ್‌ವೇರ್ ಅಂಗಡಿಯಲ್ಲಿ ಅಡ್ಡಗೋಲಿಗೆ ಬೇಕಾದ ಮುಕ್ಕಾಲು ಇಂಚಿನ ಪಿವಿಸಿ ಪೈಪು, ಅವನ್ನು ಜೋಡಿಸುವ ಎಲ್ಬೋ, ಟೀ ಸಿಗುತ್ತವೆ. ಅಡ್ಡಗೋಲನ್ನು ಅಂಟಿಸಬೇಡಿ. ಕಾಲು ತಗುಲಿದರೆ ಸುಮ್ನೆ ಬೀಳುವ ಹಾಗೆ ಇಡಿ. ಮೊದಮೊದಲು ಗೋಲು ನೆಲದ ಮೇಲೆಯೇ ಇರಲಿ. ಬೆಳ್ಳಿ ಅದನ್ನು ದಾಟಿ ಮುಂದೆ ಓಡಬೇಕು, ಅಷ್ಟೇ ಪಾಠ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸಣ್ಣ ನಾಯಿಗೆ ನಮ್ಮ ಕೈ ಬಹಳ ಮೇಲೆ. ತಿಂಡಿ ಕೈಯಿಂದ ಕೊಟ್ಟರೆ ಅದು ಓಡುವಾಗಲೂ ಮೂತಿ ಮೇಲೆತ್ತಿ ನಿಮ್ಮ ಮುಖವನ್ನೇ ನೋಡುತ್ತದೆ. ಬೆನ್ನು ತಗ್ಗುತ್ತದೆ, ಮುಂದಿನ ಗೋಲು ಕಣ್ಣಿಗೆ ಬೀಳುವುದಿಲ್ಲ, ಎದೆ ಹೋಗಿ ಬಡಿಯುತ್ತದೆ. ಅದಕ್ಕೇ ತಿಂಡಿಯನ್ನು ಗೋಲಿನ ಆಚೆ ನೆಲಕ್ಕೆ ಎಸೆಯಿರಿ. ಹುಲ್ಲಿನಲ್ಲಿ ಕಾಣದಿದ್ದರೆ ಸ್ಟೀಲ್ ಡಬ್ಬಿ ಮುಚ್ಚಳ ಇಟ್ಟು ಅದರ ಮೇಲೆ ಹಾಕಿ. ಕೆಲವು ದಿನದಲ್ಲೇ ತಲೆ ಕೆಳಗೆ ಬರುತ್ತದೆ, ಓಟ ಉದ್ದವಾಗುತ್ತದೆ. ಒಂದು ಸಲಕ್ಕೆ ಮೂರು ನಿಮಿಷ ಸಾಕು. ಅವಳು ಇನ್ನೂ ಬೇಕು ಅನ್ನುತ್ತಿರುವಾಗಲೇ ನಿಲ್ಲಿಸಿ.

ಪ್ರಶ್ನೆ: ನನ್ನದು ಎರಡೂವರೆ ಕೆಜಿಯ ಚಿವಾವಾ, ಜಿಮ್ಮಿ. ಪಾರ್ಕಿನಲ್ಲಿ ಬೇರೆ ನಾಯಿ ಕಂಡರೆ ಬೊಗಳಿ ನಡುಗುತ್ತಾನೆ. ಎತ್ತಿಕೊಂಡರೆ ಸುಮ್ಮನಾಗುತ್ತಾನೆ, ಆದರೆ ಎತ್ತಿಕೊಂಡಾಗಲೇ ಹತ್ತಿರ ಬಂದವರಿಗೆ ಹಲ್ಲು ತೋರಿಸುತ್ತಾನೆ. ಪ್ರದರ್ಶನಕ್ಕೂ, ಓಬಿಡಿಯನ್ಸ್ (ಹೇಳಿದ ಮಾತು ಕೇಳುವ) ಸ್ಪರ್ಧೆಗೂ ಸೇರಿಸುವ ಆಸೆ. ಎಲ್ಲಿಂದ ಶುರು ಮಾಡಲಿ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಜಯನಗರ, ಬೆಂಗಳೂರು

ಸರ್, ಅವನ ನಾಲ್ಕು ಕಾಲು ನೆಲದ ಮೇಲೆ ಇರುವುದರಿಂದಲೇ ಶುರು ಮಾಡಿ. ಸಣ್ಣ ನಾಯಿ ಸಾಕಿದ ಮನೆಗಳಲ್ಲಿ ನಾನು ಪದೇ ಪದೇ ನೋಡುವುದು ಇದನ್ನೇ. ಹಾಸಿಗೆಯಿಂದ ತೊಡೆಗೆ, ತೊಡೆಯಿಂದ ಸೋಫಾಗೆ, ಸೋಫಾದಿಂದ ಕಾರಿಗೆ. ಮೆಟ್ಟಿಲು ಇಳಿಯೋಕೆ ಗೊತ್ತಿಲ್ಲ, ಒದ್ದೆ ಹುಲ್ಲು ಕಂಡರೆ ಹೆದರಿಕೆ. ಪ್ರೀತಿಯಿಂದಲೇ ಮಾಡುತ್ತೇವೆ, ನಿಜ. ಆದರೆ ನಾಯಿಯ ಕಡೆಯಿಂದ ನೋಡಿ. ಎದುರಿಗೆ ಇನ್ನೊಂದು ನಾಯಿ ಕಂಡ ಕೂಡಲೇ ನೆಲ ತಪ್ಪುತ್ತದೆ, ಎದೆ ಮೇಲೆ ಬಿಗಿಯಾದ ಕೈ ಬರುತ್ತದೆ, ನಿಮ್ಮ ಉಸಿರು ಜೋರಾಗುತ್ತದೆ. ಏನೋ ಅಪಾಯ ಇದೆ ಅಂತ ಅವನಿಗೆ ಖಾತ್ರಿಯಾಗುತ್ತದೆ. ಓಡಿ ಹೋಗುವ ದಾರಿಯೂ ಇಲ್ಲ, ಹಾಗಾಗಿ ಹಲ್ಲು ತೋರಿಸುತ್ತಾನೆ.

ಬೀದಿ ನಾಯಿಗಳು ನುಗ್ಗಿ ಬಂದರೆ ಖಂಡಿತ ಎತ್ತಿಕೊಳ್ಳಿ. ಎರಡೂವರೆ ಕೆಜಿ ನಾಯಿಗೆ ಒಂದೇ ಕಡಿತ ಸಾಕು, ಅದರಲ್ಲಿ ವಾದ ಇಲ್ಲ. ಉಳಿದ ಹೊತ್ತಿನಲ್ಲಿ ದೂರವೇ ನಿಮ್ಮ ಸಾಧನ. ಇನ್ನೊಂದು ನಾಯಿಯನ್ನು ಅವನು ನೋಡಬೇಕು, ಆದರೆ ಬೊಗಳುವಷ್ಟು ಹತ್ತಿರ ಇರಬಾರದು. ಪಾರ್ಕಿನ ಗೇಟಿನ ಹೊರಗೆ, ರಸ್ತೆಯ ಆಚೆ ಬದಿ ನಿಂತರೂ ಸರಿ. ಒಂದು ಸಣ್ಣ ಚಾಪೆ ಒಯ್ಯಿರಿ. ಚಾಪೆ ಮೇಲೆ ಅವನು, ಪಕ್ಕದಲ್ಲಿ ನೀವು. ನಾಯಿ ಕಂಡಿತು, ಒಂದು ಚೂರು ಚಿಕನ್ ಚಾಪೆಗೆ ಬಿತ್ತು. ನಾಯಿ ಮರೆಯಾಯಿತು, ಚಿಕನ್ ನಿಂತಿತು. ಬಾಲ ಸಡಿಲವಾಗಿ, ನಾಯಿ ಕಂಡಾಗ ಅವನೇ ನಿಮ್ಮ ಮುಖ ನೋಡೋಕೆ ಶುರು ಮಾಡಿದ ಮೇಲೆ ಒಂದೆರಡು ಹೆಜ್ಜೆ ಹತ್ತಿರ ಹೋಗಿ. ಅವಸರ ಬೇಡ.

ಎತ್ತುವುದನ್ನೂ ಕಲಿಸಬೇಕು. ಮೊದಲು "ಎತ್ತಲಾ?" ಅಂತ ಕೇಳಿ, ಒಂದು ಕ್ಷಣ ಬಿಟ್ಟು, ಒಂದು ಅಂಗೈ ಎದೆ ಕೆಳಗೆ, ಇನ್ನೊಂದು ಅಂಗೈ ಹಿಂಭಾಗದ ಕೆಳಗೆ ಇಟ್ಟು ಎತ್ತಿ. ಕಂಕುಳಿಗೆ ಕೈ ಹಾಕಿ ಮಗುವಿನ ಹಾಗೆ ಎಳೆಯಬೇಡಿ. ಕೆಳಗೆ ಬಿಡುವಾಗ ನಾಲ್ಕೂ ಕಾಲು ನೆಲ ಮುಟ್ಟಿದ ಮೇಲೆಯೇ ಕೈ ತೆಗೆಯಿರಿ. ಪ್ರದರ್ಶನದಲ್ಲಿ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಸಣ್ಣ ತಳಿಗಳನ್ನು ಜಡ್ಜ್ ಮೇಜಿನ ಮೇಲೆ ನಿಲ್ಲಿಸಿ ನೋಡುತ್ತಾರೆ. ತುಟಿ ಎತ್ತಿ ಹಲ್ಲು ನೋಡುತ್ತಾರೆ, ಗಂಡು ನಾಯಿಯಾದರೆ ವೃಷಣ ಎರಡೂ ಇಳಿದಿವೆಯಾ ಅಂತ ಮುಟ್ಟಿ ನೋಡುತ್ತಾರೆ. ಮನೆಯಲ್ಲಿ ಗಟ್ಟಿ ಮೇಜಿಗೆ ರಬ್ಬರ್ ಮ್ಯಾಟ್ ಹಾಕಿ, ಪರಿಚಯದವರಿಂದ ಈ ಮೂರನ್ನೂ ಮೆಲ್ಲಗೆ ಮಾಡಿಸಿ. ನಡುಕಕ್ಕೆ ಭಯ ಒಂದೇ ಕಾರಣ ಇರಬೇಕಿಲ್ಲ. ಚಳಿಗೂ ನಡುಗುತ್ತವೆ. ಹೊಟ್ಟೆ ಖಾಲಿಯಿದ್ದು ಸಕ್ಕರೆ ಅಂಶ ಇಳಿದರೂ ನಡುಗುತ್ತವೆ, ಅದರಲ್ಲೂ ತೀರಾ ಪುಟ್ಟ ಮರಿಗಳು. ವೆಟ್‌ಗೆ ಒಂದು ಸಲ ತೋರಿಸಿಬಿಡಿ.

ಪ್ರಶ್ನೆ: ಆಂಟಿ, ನಾನು ಏಳನೇ ಕ್ಲಾಸು. ನಮ್ಮ ಟಾಮಿಗೆ ಎಂಟು ತಿಂಗಳು. ಅಜ್ಜ ಅಂಗಳದಲ್ಲಿ ಅಡಿಕೆ ದಬ್ಬೆ ಸಾಲಾಗಿ ಹುಗಿದು ಕೊಟ್ಟಿದ್ದಾರೆ, ಟಿವಿಯಲ್ಲಿ ನಾಯಿಗಳು ನುಸುಳಿಕೊಂಡು ಹೋಗ್ತವಲ್ಲ, ಹಾಗೆ. ಟಾಮಿ ಪಕ್ಕದಿಂದ ಓಡಿ ಹೋಗ್ತಾನೆ. ಏನು ಮಾಡಲಿ?
— ಶಾಲಾ ಬಾಲಕ, ಸಾಗರ ತಾಲ್ಲೂಕು

ಪುಟ್ಟಾ, ನಿನ್ನ ಅಜ್ಜನಿಗೆ ನನ್ನ ನಮಸ್ಕಾರ ತಿಳಿಸು. ದಬ್ಬೆಯ ಸಿಬಿರು ಚರ್ಮಕ್ಕೂ ಕಣ್ಣಿಗೂ ಚುಚ್ಚುತ್ತೆ. ಅದಕ್ಕೆ ಪ್ರತಿ ದಬ್ಬೆಗೂ ಮೇಲಿಂದ ಕೆಳಗಿನವರೆಗೆ ಹಳೆ ಬಟ್ಟೆ ಸುತ್ತಿಸು, ಇಲ್ಲಾಂದ್ರೆ ಪೈಪ್ ತೊಡಿಸು. ಸ್ಪರ್ಧೆಯಲ್ಲಿ 12 ಕೋಲು ಇರುತ್ತವೆ, ಒಂದರಿಂದ ಇನ್ನೊಂದಕ್ಕೆ 60 ಸೆಂಟಿಮೀಟರ್. ನಾಯಿ ಒಳಗೆ ಹೋಗುವಾಗ ಮೊದಲ ಕೋಲು ಅದರ ಎಡ ಭುಜದ ಕಡೆ ಇರಬೇಕು. ಇದು ನಿಯಮ, ಈಗಲೇ ರೂಢಿ ಮಾಡಿಸು.

ಸಾಲನ್ನು ಎರಡಾಗಿ ಮಾಡು. ಒಂದು ಕೋಲು ಎಡಕ್ಕೆ, ಮುಂದಿನದು ಬಲಕ್ಕೆ, ನಡುವೆ ಟಾಮಿ ನೇರವಾಗಿ ಓಡುವಷ್ಟು ದಾರಿ. ಆರೇ ಕೋಲು ಸಾಕು. ಆ ತುದಿಯಲ್ಲಿ ಅವನ ಊಟದ ತಟ್ಟೆ ಇಡು. ಓಣಿಯಲ್ಲಿ ಓಡಿ ಹೋಗೋದು ಅವನಿಗೆ ಖುಷಿ ಆದ ಮೇಲೆ ಎರಡು ಸಾಲನ್ನೂ ಒಂದೊಂದು ಬೆರಳಗಲ ಹತ್ತಿರ ತಾ. ತಪ್ಪು ಮಾಡಿದರೆ ಗದರಬೇಡ, ಒಂದು ಬೆರಳಗಲ ಹಿಂದಕ್ಕೆ ಸರಿಸು. ಆದರೆ ಮೈ ಬಳುಕಿಸಿ ನುಸುಳುವಷ್ಟು ಹತ್ತಿರ ಈಗಲೇ ತರಬೇಡ. ಟಾಮಿಗೆ ಒಂದು ವರ್ಷ ತುಂಬಲಿ, ಮೂಳೆ ಬಲಿಯಲಿ. ಎಫ್‌ಸಿಐ ಸ್ಪರ್ಧೆಗಳಿಗೆ ಕೂಡ 18 ತಿಂಗಳು ಆಗದ ನಾಯಿಯನ್ನು ಸೇರಿಸಿಕೊಳ್ಳುವುದಿಲ್ಲ. ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿದ್ದರೆ ಆಟ ಬೇಡವೇ ಬೇಡ.

ಪ್ರಶ್ನೆ: ನಮ್ಮದು ಬೀದಿಯಿಂದ ತಂದ ಪುಟ್ಟ ನಾಯಿ, ಆರು ಕೆಜಿ. ಎಲ್ಲ ಅಡೆತಡೆಯನ್ನೂ ಲೀಲಾಜಾಲವಾಗಿ ಮಾಡುತ್ತಾಳೆ. ಸೀಸಾ, ಅಂದರೆ ಏರಿಳಿಯುವ ಹಲಗೆ, ಮಾತ್ರ ಆಗದು. ಒಮ್ಮೆ 'ಧಡ್' ಅಂತ ಬಿದ್ದ ಮೇಲೆ ಹಲಗೆ ಕಂಡರೆ ಹಿಂದೆ ಸರಿಯುತ್ತಾಳೆ.
— ಉಪನ್ಯಾಸಕ, ಧಾರವಾಡ

ಈ ತಿಂಗಳ ಕಾಗದಗಳಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ. ಸಣ್ಣ ನಾಯಿಗೆ ಸೀಸಾ ನಿಜಕ್ಕೂ ಬೇರೆಯದೇ ಕಷ್ಟ. ದೊಡ್ಡ ನಾಯಿ ನಡು ದಾಟಿದ ಕೂಡಲೇ ಅದರ ಭಾರಕ್ಕೆ ಹಲಗೆ ಕೆಳಗೆ ಬರುತ್ತದೆ. ಆರು ಕೆಜಿಯ ನಾಯಿ ನಡು ದಾಟಿ ಇನ್ನೂ ಮುಂದೆ ಹೋಗಬೇಕು, ಹಲಗೆ ನಿಧಾನಕ್ಕೆ ಇಳಿಯುವವರೆಗೆ ಗಾಳಿಯಲ್ಲಿ ಕಾಯಬೇಕು. ತಾಳ್ಮೆಗೆಟ್ಟು ಮೊದಲೇ ಹಾರಿದರೆ ತಪ್ಪು ಬೀಳುತ್ತದೆ.

ಮೊದಲು ಹಲಗೆಯನ್ನೇ ಪರೀಕ್ಷೆ ಮಾಡಿ. ಎಫ್‌ಸಿಐ ನಿಯಮದಲ್ಲಿ ಇದಕ್ಕೊಂದು ಒಳ್ಳೆ ಲೆಕ್ಕ ಇದೆ. ಇಳಿಯುವ ಅರ್ಧದ ನಟ್ಟನಡುವೆ ಒಂದು ಕೆಜಿ ತೂಕ ಇಟ್ಟರೆ ಹಲಗೆ ಕೆಲವೇ ಸೆಕೆಂಡಿನಲ್ಲಿ ಕೆಳಗೆ ಬರಬೇಕು. ಒಂದು ಕೆಜಿ ಸಕ್ಕರೆ ಪೊಟ್ಟಣ ಇಟ್ಟು ನೋಡಿ. ಬರದಿದ್ದರೆ ತಪ್ಪು ನಾಯಿಯದಲ್ಲ. ಊರಲ್ಲಿ ಬಡಗಿಯಿಂದ ಮಾಡಿಸಿದ ಸೀಸಾಗಳು ಸಾಮಾನ್ಯವಾಗಿ ಬಹಳ ಭಾರ, ನಡುವಿನ ಕಂಬಿಯೂ ಬಿಗಿ. ಹಲಗೆ 30 ಸೆಂಟಿಮೀಟರ್ ಅಗಲ ಇರಲಿ. ಮೇಲ್ಮೈಗೆ ಮರಳು ಬೆರೆಸಿದ ಪೇಂಟ್ ಬಳಿಯಿರಿ, ಉಗುರು ಜಾರಬಾರದು.

ಅವಳಿಗೆ ಎರಡು ಭಯ ಸೇರಿಕೊಂಡಿವೆ, ಸದ್ದಿನದು ಒಂದು, ಕಾಲ ಕೆಳಗಿನ ಅಲುಗಾಟದ್ದು ಇನ್ನೊಂದು. ಎರಡನ್ನೂ ಬೇರೆ ಮಾಡಿ. ಸದ್ದಿಗೆ ಅವಳು ಹಲಗೆ ಮೇಲೆ ಹತ್ತಲೇಬೇಕಾಗಿಲ್ಲ. ತುದಿಯ ಕೆಳಗೆ ದಪ್ಪ ಗೋಣಿಚೀಲ ಮಡಚಿ ಇಟ್ಟು, ನೀವೇ ಹಲಗೆಯನ್ನು ಒಂದಿಂಚು ಎತ್ತಿ ಬಿಡಿ. 'ಠಪ್' ಅನ್ನುತ್ತಲೇ ಒಂದು ಚೂರು ಲಿವರ್. ಸ್ವಲ್ಪ ದಿನಕ್ಕೆ ಅವಳೇ ಓಡಿ ಬಂದು ಮುಂಗಾಲಿನಲ್ಲಿ ಹಲಗೆ ಬಡಿಯುತ್ತಾಳೆ. ನಮ್ಮ ಮನೆಯ ಚುಕ್ಕಿಯೂ ಹೀಗೇ ಕಲಿತದ್ದು. ಅವಳು ಎರಡೂ ಮುಂಗಾಲು ಎತ್ತಿ ಹಲಗೆ ತುದಿಗೆ ಬಡಿದು, ಕಿವಿ ನೆಟ್ಟಗೆ ಮಾಡಿ ನನ್ನ ಜೇಬು ನೋಡುವ ಗತ್ತು ಇದೆಯಲ್ಲ, ಅದನ್ನು ನೋಡಿದವರಿಗೆ ಇವಳೊಮ್ಮೆ ಇದೇ ಸದ್ದಿಗೆ ನೀರಿನ ಡ್ರಮ್ಮಿನ ಹಿಂದೆ ಅಡಗಿದ್ದಳು ಅಂದರೆ ನಂಬಿಕೆ ಬರುವುದಿಲ್ಲ.

ಅಲುಗಾಟಕ್ಕೆ ಚಪ್ಪಟೆ ಹಲಗೆ ತುಂಡಿನ ಕೆಳಗೆ ಮಡಚಿದ ಟವೆಲ್ ಇಡಿ. ಅದರ ಮೇಲೆ ನಿಂತು ತಿನ್ನಲಿ. ಆಮೇಲೆ ಟವೆಲ್ಲನ್ನು ಸ್ವಲ್ಪ ದಪ್ಪ ಮಾಡಿ. ಎರಡೂ ಪಕ್ವವಾದ ಮೇಲೆ ನಿಜವಾದ ಸೀಸಾಕ್ಕೆ ಬನ್ನಿ. ಇಳಿಯುವ ತುದಿಯ ಕೆಳಗೆ ಇಟ್ಟಿಗೆ ಜೋಡಿಸಿ, ಹಲಗೆ ಒಂದೆರಡು ಇಂಚು ಮಾತ್ರ ಇಳಿಯುವ ಹಾಗೆ ಮಾಡಿ. ದಿನ ಕಳೆದ ಹಾಗೆ ಒಂದೊಂದೇ ಇಟ್ಟಿಗೆ ತೆಗೆಯಿರಿ. ತಿಂಡಿ ಯಾವಾಗಲೂ ಹಲಗೆಯ ಕೊಟ್ಟಕೊನೆಯಲ್ಲಿ ಸಿಗಬೇಕು. ನಡುವೆ ಕೊಟ್ಟರೆ ನಡುವೆಯೇ ನಿಲ್ಲುತ್ತಾಳೆ, ಸಣ್ಣ ನಾಯಿಗೆ ಅಲ್ಲಿ ನಿಂತರೆ ಹಲಗೆ ಇಳಿಯುವುದೇ ಇಲ್ಲ. ಕುತ್ತಿಗೆ ಪಟ್ಟಿ ಹಿಡಿದು ದಾಟಿಸುವುದು, ಎತ್ತಿ ಹಲಗೆ ಮೇಲೆ ನಿಲ್ಲಿಸುವುದು ಮಾಡಲೇಬೇಡಿ. ತಾನಾಗಿ ಹತ್ತಿದ ಹಲಗೆಯನ್ನು ಮಾತ್ರ ನಾಯಿ ನಂಬುತ್ತದೆ.

ಪ್ರಶ್ನೆ: ಡ್ಯಾಕ್ಸ್‌ಹುಂಡ್‌ಗೆ ಹೈಜಂಪ್ ಕಲಿಸಬಹುದಾ? ನಮ್ಮ ಬ್ರೂನೊ ಈಗಲೇ ಸೋಫಾದಿಂದ ಟೀಪಾಯಿಗೆ ಹಾರುತ್ತಾನೆ!
— ಗೃಹಿಣಿ, ಮಂಗಳೂರು

ಬೇಡಮ್ಮಾ. ಸೋಫಾದಿಂದ ಹಾರುವುದನ್ನೂ ನಿಲ್ಲಿಸಿ, ಒಂದು ಇಳಿಜಾರು ಹಲಗೆ ಇಟ್ಟುಕೊಡಿ. ಗಿಡ್ಡ ಕಾಲು, ಉದ್ದ ಬೆನ್ನಿನ ಈ ತಳಿಯಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತನೆ ಬಿಲ್ಲೆ ಚಿಕ್ಕ ವಯಸ್ಸಿಗೇ ಒಣಗಿ ಗಟ್ಟಿಯಾಗುತ್ತದೆ. ಅದು ಹುಟ್ಟಿನಿಂದ ಬಂದ ಗುಣ. ಒಂದು ದಿನ ಬಿಲ್ಲೆ ಜಾರಿ ನರಕ್ಕೆ ಒತ್ತಿದರೆ ಹಿಂಗಾಲು ಸ್ವಾಧೀನ ತಪ್ಪಬಹುದು. ಕೆಲವು ದೇಶಗಳಲ್ಲಿ ಈ ನಾಯಿಗಳೂ ಅಜಿಲಿಟಿ ಓಡುತ್ತವೆ, ಗೊತ್ತು. ನನ್ನ ಅಂಗಳದಲ್ಲಿ ನಾನು ಹಾರಿಸುವುದಿಲ್ಲ.

ಬ್ರೂನೊಗೆ ಅವನದೇ ಆಟ ಇದೆ. ಬಿಲದೊಳಗೆ ನುಗ್ಗಿ ಬ್ಯಾಜರ್ ಅನ್ನುವ ಪ್ರಾಣಿಯನ್ನು ಹಿಡಿಯೋಕೆ ಜರ್ಮನಿಯಲ್ಲಿ ಬೆಳೆಸಿದ ತಳಿ ಅದು. ಮೂಗು ಅವನ ದೊಡ್ಡ ಆಸ್ತಿ. ಮೂರು ರಟ್ಟಿನ ಡಬ್ಬ ಇಟ್ಟು ಒಂದರಲ್ಲಿ ಒಣ ಮೀನಿನ ಚೂರು ಬಚ್ಚಿಡಿ. ಮಂಗಳೂರಲ್ಲಿ ಅದಕ್ಕೇನು ಬರ! ಸಿಕ್ಕ ಕೂಡಲೇ ಹೊಗಳಿ. ಡಬ್ಬ ಹೆಚ್ಚಿಸಿ, ಕೋಣೆ ಬದಲಿಸಿ, ತೋಟಕ್ಕೆ ಒಯ್ಯಿರಿ. ಹೊರದೇಶಗಳಲ್ಲಿ ವಾಸನೆ ಹುಡುಕುವುದೇ ಒಂದು ದೊಡ್ಡ ಸ್ಪರ್ಧೆ. ಬೆನ್ನು ಬಾಗಿಸಿ ನಿಲ್ಲುವುದು, ಮುಟ್ಟಿದರೆ ಕಿರುಚುವುದು, ಹಿಂಗಾಲು ಎಳೆದು ನಡೆಯುವುದು ಕಂಡರೆ ನಾಳೆ ನೋಡೋಣ ಅನ್ನಬೇಡಿ. ಆ ಹೊತ್ತಿಗೇ ಆಸ್ಪತ್ರೆ.

ಪ್ರಶ್ನೆ: ಒಬ್ಬ ಟ್ರೈನರ್ ನಮ್ಮ ಯಾರ್ಕ್‌ಶೈರ್ ಟೆರಿಯರ್‌ಗೆ ಚೋಕ್ ಚೈನ್ (ಎಳೆದರೆ ಕುತ್ತಿಗೆ ಬಿಗಿಯುವ ಸರಪಳಿ) ಹಾಕಿ ಜಗ್ಗಿ ಕಲಿಸುತ್ತಿದ್ದಾರೆ. "ಸ್ಪರ್ಧೆಗೆ ಬೇಕಾದರೆ ಇದೇ ದಾರಿ" ಅನ್ನುತ್ತಾರೆ. ಈಗ ಅದು ಬಾತುಕೋಳಿ ಥರ ಕೆಮ್ಮುತ್ತಿದೆ.
— ವ್ಯಾಪಾರಿ, ಬಳ್ಳಾರಿ

ಇವತ್ತೇ ಬಿಡಿಸಿ. ಯಾರ್ಕಿ, ಪೊಮೇರಿಯನ್, ಚಿವಾವಾಗಳಲ್ಲಿ ಶ್ವಾಸನಾಳದ ಉಂಗುರಗಳು ಸಡಿಲವಾಗಿ ನಾಳ ಚಪ್ಪಟೆಯಾಗುವ ಕಾಯಿಲೆ ಇದೆ. ನೀವು ಹೇಳಿದ ಕೆಮ್ಮು ಅದರದ್ದೇ ಲಕ್ಷಣ ಇರಬಹುದು. ವೆಟ್‌ಗೆ ತೋರಿಸಿ. ಎದೆಗೆ ಹಾಕುವ ಹಾರ್ನೆಸ್ ತನ್ನಿ, ಕಂಕುಳು ಉಜ್ಜದ ಹಾಗೆ ಎರಡು ಬೆರಳು ಸಡಿಲ ಇರಲಿ. ಎಫ್‌ಸಿಐ ಅಜಿಲಿಟಿಯಲ್ಲಿ ನಾಯಿ ಹಗ್ಗ, ಚೈನು ಇಲ್ಲದೆ ಓಡುತ್ತದೆ. ನಾವು ಅದನ್ನು ಮುಟ್ಟುವ ಹಾಗಿಲ್ಲ, ಕೈಯಲ್ಲಿ ತಿಂಡಿ ಇಟ್ಟುಕೊಳ್ಳುವ ಹಾಗೂ ಇಲ್ಲ. ಜಗ್ಗಿ ಕಲಿಸಿದವರು ಅಲ್ಲಿ ಏನನ್ನು ಜಗ್ಗುತ್ತಾರೆ? ಖುಷಿಯಿಂದ ಕಲಿತ ನಾಯಿ ಮಾತ್ರ ಅಲ್ಲಿ ಕೊನೆಯವರೆಗೂ ನಿಮ್ಮ ಜೊತೆ ಓಡುತ್ತದೆ.

ಪ್ರಶ್ನೆ: ಪಗ್‌ಗೆ ಬೇಸಿಗೆಯಲ್ಲಿ ಎಷ್ಟು ಹೊತ್ತು ತರಬೇತಿ ಕೊಡಬಹುದು?
— ಕಲಬುರಗಿ

ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ಆಟವೇ ಬೇಡ. ನಾಯಿ ಮೈ ತಣಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಪಗ್‌ನ ಚಪ್ಪಟೆ ಮೂತಿಯಲ್ಲಿ ಅದಕ್ಕೆ ದಾರಿಯೇ ಕಿರಿದು. ಮನೆಯೊಳಗೆ ಫ್ಯಾನ್ ಕೆಳಗೆ ಕೂರುವುದು, ಕಾಯುವುದು, ತಿರುಗುವುದು, ಹೆಸರಿಟ್ಟ ಆಟಿಕೆ ತರುವುದು ಕಲಿಸಿ. ಉಳಿದ ಕಾಲದಲ್ಲಿ ಬೆಳಗ್ಗೆ ಏಳರ ಒಳಗೆ. ನೆಲಕ್ಕೆ ಹಿಂಗೈ ಇಟ್ಟು ಏಳು ಎಣಿಸಿ, ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯದು. ನಾಲಿಗೆ ಕಡುಕೆಂಪಾಗಿ, ಗೊರಗೊರ ಸದ್ದು ಬಂದು ತೂರಾಡಿದರೆ ಮೈಗೆ ನೀರು ಸುರಿದು, ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಒಯ್ಯಿರಿ.

ಪ್ರಶ್ನೆ: ಕಲಿಸುವಾಗ ಬಿಸ್ಕತ್ತು ಕೊಟ್ಟು ಕೊಟ್ಟು ನಮ್ಮ ನಾಯಿ ದಪ್ಪ ಆಗಿದ್ದಾಳೆ. ಬಿಸ್ಕತ್ತಿಲ್ಲದೆ ಮಾತು ಕೇಳಲ್ಲ.
— ದಾವಣಗೆರೆ

ಬಿಸ್ಕತ್ತು ಬಿಡಿ, ಅದರಲ್ಲಿ ಸಕ್ಕರೆ ಮತ್ತು ಮೈದಾ ಬಿಟ್ಟರೆ ಜಾಸ್ತಿ ಏನಿಲ್ಲ. ಬೇಯಿಸಿದ ಕೋಳಿ ಎದೆಮಾಂಸ, ಲಿವರ್, ಪನೀರ್, ಕ್ಯಾರೆಟ್, ಇವುಗಳಲ್ಲಿ ಯಾವುದಾದರೂ ಸರಿ. ಐದು ಕೆಜಿ ನಾಯಿಗೆ ಒಂದು ತೊಗರಿಕಾಳಿನ ಗಾತ್ರದ ಚೂರು ಸಾಕು. ದಿನದ ಊಟದಿಂದಲೇ ಅಷ್ಟನ್ನು ತೆಗೆದಿಡಿ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ಪ್ರಸಾದದ ಕೇಸರಿಬಾತಿನಲ್ಲಿ ಒಣದ್ರಾಕ್ಷಿ ಇರುತ್ತದೆ, ಹುಷಾರು. ತಿಂಡಿ ತೋರಿಸಿ ಕೆಲಸ ಮಾಡಿಸುತ್ತಿದ್ದೀರಿ ಅನ್ನಿಸುತ್ತೆ. ತಿಂಡಿ ಡಬ್ಬಿ ಕಪಾಟಿನ ಮೇಲೆ ಇರಲಿ. ಮೊದಲು ಮಾತು, ಆಮೇಲೆ ಅವಳ ಕೆಲಸ, ಆಮೇಲೆ "ಭೇಷ್!" ಅಂದು ಇಬ್ಬರೂ ಒಟ್ಟಿಗೆ ಕಪಾಟಿಗೆ ಓಡಿ. ಆ ಓಟವೇ ಅವಳಿಗೆ ಅರ್ಧ ಬಹುಮಾನ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. ಒಂಬತ್ತು ವರ್ಷದ ಮಗಳಿಗೂ ನಮ್ಮ ಪುಟ್ಟ ಮಿಶ್ರ ತಳಿ ನಾಯಿಗೂ ಒಟ್ಟಿಗೆ ಆಡುವ ಆಟ ಯಾವುದಿದೆ?
— ರೆಡಿಂಗ್

ಈ ಆಟ ಹುಟ್ಟಿದ ನೆಲದಲ್ಲೇ ಇದ್ದೀರಿ. ಅಲ್ಲಿನ ಕೆನಲ್ ಕ್ಲಬ್ಬಿನ ಮಕ್ಕಳ ವಿಭಾಗ ಯಂಗ್ ಕೆನಲ್ ಕ್ಲಬ್, ಆರು ವರ್ಷದಿಂದಲೇ ಸೇರಬಹುದು. ಮಿಶ್ರ ತಳಿಗೂ ತೊಂದರೆ ಇಲ್ಲ, ಚಟುವಟಿಕೆಗಳ ಪಟ್ಟಿಯಲ್ಲಿ ನೋಂದಾಯಿಸಿದರೆ ಅಜಿಲಿಟಿಗೆ ಇಳಿಯಬಹುದು.

ಫ್ಲೈಬಾಲನ್ನೂ ಒಮ್ಮೆ ಹೋಗಿ ನೋಡಿ. ನಾಲ್ಕು ನಾಯಿಗಳ ರಿಲೇ. ನಾಲ್ಕು ಅಡ್ಡಗೋಲು ಹಾರಿ, ಪೆಟ್ಟಿಗೆ ಒತ್ತಿ, ಚಿಮ್ಮಿದ ಚೆಂಡು ಹಿಡಿದು ವಾಪಸ್ ಬರಬೇಕು. ಇದರಲ್ಲಿ ನನಗೆ ಬಹಳ ಇಷ್ಟವಾದ ನಿಯಮ ಒಂದಿದೆ. ತಂಡದ ಅತಿ ಸಣ್ಣ ನಾಯಿಯ ಎತ್ತರಕ್ಕೆ ತಕ್ಕ ಹಾಗೆ ಎಲ್ಲರ ಗೋಲನ್ನೂ ಇಡುತ್ತಾರೆ. ಹಾಗಾಗಿ ದೊಡ್ಡ ದೊಡ್ಡ ನಾಯಿಗಳ ತಂಡದವರೂ ಚುರುಕಾದ ಗಿಡ್ಡ ನಾಯಿಯೊಂದನ್ನು ಹುಡುಕುತ್ತಿರುತ್ತಾರೆ. ಸದ್ದು ಮಾತ್ರ ವಿಪರೀತ. ಮಗಳ ಜೊತೆ ನೀವೂ ಮೊದಲು ಪ್ರೇಕ್ಷಕರಾಗಿ ನಿಂತು, ನಾಯಿಗೆ ಆ ಗದ್ದಲ ಹಿಡಿಸುತ್ತದಾ ನೋಡಿ.

ಪ್ರಶ್ನೆ: ಬರುವ ತಿಂಗಳು ಬೆಂಗಳೂರಿನಲ್ಲಿ ನಡೆಯುವ ಸಣ್ಣ ಸ್ಪರ್ಧೆಗೆ ಮೊದಲ ಸಲ ಹೋಗುತ್ತಿದ್ದೇವೆ. ಮನೆಯ ಹಾಲ್‌ನಲ್ಲಿ ಎಲ್ಲವನ್ನೂ ಮಾಡುತ್ತಾಳೆ, ಹೊರಗೆ ಹೋದರೆ ಏನೂ ನೆನಪಿಲ್ಲದ ಹಾಗೆ ಆಡುತ್ತಾಳೆ. ಏನೇನು ಸಿದ್ಧತೆ ಬೇಕು?
— ಶಿಕ್ಷಕಿ, ತುಮಕೂರು

ಅವಳು ಮರೆತಿಲ್ಲ. ಹಾಲ್‌ನಲ್ಲಿ ಕಲಿತದ್ದು ಹಾಲ್‌ನ ಪಾಠ ಅಂತಲೇ ಅವಳ ಲೆಕ್ಕ. ಅದೇ ಪಾಠವನ್ನು ತಾರಸಿ ಮೇಲೆ, ಶಾಲೆಯ ಮೈದಾನದಲ್ಲಿ, ದೇವಸ್ಥಾನದ ಎದುರಿನ ಬಯಲಲ್ಲಿ ಹೊಸದಾಗಿ ಮಾಡಿಸಿ. ಪ್ರತಿ ಹೊಸ ಜಾಗದಲ್ಲಿ ಒಂದು ಮೆಟ್ಟಿಲು ಸುಲಭ ಮಾಡಿ ಶುರು ಮಾಡಿ. ಅಂದಹಾಗೆ ಹಾಲ್‌ಗೆ ನುಣುಪು ಟೈಲ್ಸ್ ಹಾಕಿಸಿದ್ದರೆ ಅಲ್ಲಿ ಓಡಿಸುವುದು ನಿಲ್ಲಿಸಿ. ಜಾರಿ ಜಾರಿ ಮಂಡಿ ಕೆಡುತ್ತದೆ. ಉಗುರು ಕತ್ತರಿಸಿ, ಪಾದದ ಬೆರಳುಗಳ ಸಂದಿಯ ಕೂದಲನ್ನೂ ಟ್ರಿಮ್ ಮಾಡಿ. ಉದ್ದ ಕೂದಲಿನ ಸಣ್ಣ ನಾಯಿಗಳಲ್ಲಿ ಇದನ್ನು ಯಾರೂ ಗಮನಿಸುವುದೇ ಇಲ್ಲ.

ಶಾಮಿಯಾನದ ಕೆಳಗೆ ಮೈಕು ಕಿರುಚುತ್ತಿರುತ್ತದೆ. ಮನೆಯಲ್ಲಿ ಊಟ ಹಾಕುವಾಗ ಮೊಬೈಲಿನಲ್ಲಿ ಅಂಥ ಸದ್ದನ್ನು ತೀರಾ ಮೆಲ್ಲಗೆ ಹಾಕಿ, ದಿನದಿನಕ್ಕೆ ಸ್ವಲ್ಪ ಏರಿಸಿ. ಲಸಿಕೆಯ ಪುಸ್ತಕ, ಮುಖ್ಯವಾಗಿ ರೇಬೀಸ್‌ನದು, ಮರೆಯಬೇಡಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಇದ್ದರೆ ಆ ಕಾಗದವೂ ಇರಲಿ. ಮನೆಯ ನೀರು, ಅವಳು ಮಲಗುವ ಬಟ್ಟೆ, ಮುಚ್ಚಿದ ಬುಟ್ಟಿ ಅಥವಾ ಕ್ರೇಟು ಬೇಕು. ಸರದಿ ಬರುವವರೆಗೂ ಅವಳು ಅದರೊಳಗೆ ನೆರಳಲ್ಲಿ ಮಲಗಲಿ. ಬಂದವರೆಲ್ಲ "ಅಯ್ಯೋ ಎಷ್ಟು ಮುದ್ದು!" ಅಂತ ಮುಟ್ಟೋಕೆ, ಎತ್ತೋಕೆ ಬರುತ್ತಾರೆ. "ಆಟ ಮುಗಿಯಲಿ, ಆಮೇಲೆ ಮಾತಾಡಿಸಿ" ಅಂತ ನಗುತ್ತಲೇ ಹೇಳಿಬಿಡಿ. ಐದು ನಿಮಿಷ ಮೊದಲು ನಡೆಸಿ, ಎಂಟರ ಆಕಾರದಲ್ಲಿ ಸುತ್ತಿಸಿ ಮೈ ಬಿಸಿ ಮಾಡಿ. ರಿಂಗಿನೊಳಗೆ ಅವಳು ಗೊಂದಲಗೊಂಡು ನಿಂತರೆ ಗೋಲು ಬಿಟ್ಟು ನಿಮ್ಮ ಜೊತೆ ಓಡಿ ಹೊರಬರುವ ಹಾಗೆ ಕರೆಯಿರಿ, ಹೊಗಳಿ. ಅಂಕ ಹೋದರೆ ಹೋಗಲಿ. ಮನೆಗೆ ಬಂದ ಮೇಲೆ ಕಿವಿ, ಬೆರಳ ಸಂದಿಯಲ್ಲಿ ಉಣ್ಣಿ ಹತ್ತಿದೆಯಾ ನೋಡಿ.

ಮುಂದಿನ ಸಂಚಿಕೆಗೆ ವಯಸ್ಸಾದ ನಾಯಿಗಳ ವ್ಯಾಯಾಮದ ಬಗ್ಗೆ ಬರೆಯುತ್ತೇನೆ. ಪ್ರಶ್ನೆ ಕಳಿಸುವಾಗ ನಾಯಿಯ ವಯಸ್ಸು, ತೂಕ, ಭುಜದ ಎತ್ತರ, ಕುಂಟು ಅಥವಾ ಕೆಮ್ಮು ಇದ್ದರೆ ವೆಟ್ ಏನಂದರು, ಇಷ್ಟನ್ನು ತಪ್ಪದೆ ಬರೆಯಿರಿ.